ಸ್ಮಾರಕಕ್ಕೂ ಮನೆಗೂ ನಡುವೆ: ಸಣ್ಣ ಊರುಗಳ ಹಳೆಯ ಕಟ್ಟಡಗಳನ್ನು ಏನು ಮಾಡಬೇಕು?

ಕರ್ನಾಟಕದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಐನೂರಕ್ಕೂ ಹೆಚ್ಚು. ರಾಜ್ಯದ ಪಟ್ಟಿಯಲ್ಲಿ ಎಂಟುನೂರಕ್ಕೂ ಮಿಕ್ಕಿ ಇವೆ. ಎರಡನ್ನೂ ಮುಂದಿಟ್ಟುಕೊಂಡು ಓದಿದರೆ ಸಿಗುವುದು ದೇವಾಲಯ, ಬಸದಿ, ಕೋಟೆ, ಗುಮ್ಮಟ, ಕಲ್ಯಾಣಿ, ವೀರಗಲ್ಲು. ತಾಲ್ಲೂಕು ಕೇಂದ್ರದ ಹಳೇ ಪೇಟೆಯ ತೊಟ್ಟಿಮನೆ, ದೇಸಾಯರ ವಾಡೆ, ಮಂಗಳೂರು ಹೆಂಚಿನ ಪ್ರಾಥಮಿಕ ಶಾಲೆ, ಬ್ರಿಟಿಷರ ಕಾಲದ ಪ್ರವಾಸಿ ಬಂಗಲೆ, ಧಾನ್ಯದ ವರ್ತಕರ ಮಂಡಿ, ರೈಲ್ವೆ ಸ್ಟೇಷನ್ ಇವೆಲ್ಲ ಅಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಊರಿನವರ ನೆನಪು ನಿಂತಿರುವುದು ಮಾತ್ರ ಹೆಚ್ಚಾಗಿ ಈ ಎರಡನೆಯ ಬಗೆಯ ಕಟ್ಟಡಗಳಲ್ಲಿ.

ಇವನ್ನು ಉಳಿಸಬೇಕೆ? ಉಳಿಸುವುದಾದರೆ ಯಾರ ಖರ್ಚಿನಲ್ಲಿ? ಕಟ್ಟಡ ಹೋದರೂ ಅದರ ಕಥೆ ಉಳಿದರೆ ಸಾಕೆ? ಆ ಕಥೆ ಹೇಳುವ ಅಧಿಕಾರ ಯಾರದು? ಇನ್ನೂರು ವರ್ಷಗಳಿಂದ ಬೇರೆ ಬೇರೆ ರೂಪದಲ್ಲಿ ಕೇಳಿಬಂದ ಪ್ರಶ್ನೆಗಳಿವು. ಉತ್ತರಗಳೂ ಹಲವು. ಅವುಗಳ ದಾರಿ, ಬಲ, ಮಿತಿ ಏನು ಎಂದು ಒಟ್ಟಾಗಿ ನೋಡುವ ಪ್ರಯತ್ನ ಇಲ್ಲಿದೆ.

ಕೈಫಿಯತ್ತಿನಿಂದ ಕಾಯ್ದೆಯವರೆಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಅಳತೆಯ ಸರಪಳಿ ಒಂದು ಕಡೆ ಸಾಗಿದರೆ, ಕಾವಲಿ ಬೊರಯ್ಯನಂಥ ಅವನ ದೇಶೀ ಸಹಾಯಕರು ಇನ್ನೊಂದು ಕಡೆ ಊರೂರಿನ ಶಾನುಭೋಗರು, ಹಿರಿಯರು, ಅರ್ಚಕರಿಂದ ಹೇಳಿಕೆಗಳನ್ನು ಬರೆಸಿಕೊಂಡರು. ಕೆರೆ ಕಟ್ಟಿಸಿದವರು ಯಾರು, ಕೋಟೆ ಯಾವ ಪಾಳೆಯಗಾರನದು, ಗುಡಿಗೆ ಉಂಬಳಿ ಬಿಟ್ಟದ್ದು ಯಾವಾಗ ಎಂಬ ವಿವರಗಳ ಈ ಕೈಫಿಯತ್ತುಗಳು ಸಣ್ಣ ಊರುಗಳ ಕಟ್ಟಡ ಚರಿತ್ರೆಯ ಮೊದಲ ದೊಡ್ಡ ಸಂಗ್ರಹ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಮೇಲೆ ಅವು ಸಾಮಾನ್ಯ ಓದುಗರ ಕೈಗೂ ಸಿಕ್ಕವು. ಕಥೆ ಹೇಳಿದವರು ಊರಿನವರೇ ಎಂಬುದು ಅವುಗಳ ಹೆಚ್ಚುಗಾರಿಕೆ. ಹಾಗೆ ಹೇಳಿದವರಲ್ಲಿ ಬಹಳ ಮಂದಿಗೆ ಮಾನ್ಯ, ಉಂಬಳಿ, ಪಟೇಲಿಕೆಯ ಹಕ್ಕು ಸಾಧಿಸುವ ಅಗತ್ಯವಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಅಲ್ಲಿಂದ ಮುಂದೆ ಬಾಯಿಮಾತಿನ ಜಾಗಕ್ಕೆ ಕಲ್ಲು ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಛಾಯಾಚಿತ್ರ ತೆಗೆದ. 1861ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಶುರುವಾಯಿತು. 1885ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆ ತೆರೆಯಿತು, ಬಿ.ಎಲ್. ರೈಸ್, ಅವರ ನಂತರ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅದನ್ನು ನಡೆಸಿದರು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಜಿಲ್ಲೆ, ತಾಲ್ಲೂಕು, ಊರಿನ ಲೆಕ್ಕದಲ್ಲಿ ಶಾಸನಗಳನ್ನು ಕೊಟ್ಟವು. ಇದರಿಂದ ಕಾಲನಿರ್ಣಯಕ್ಕೆ ಗಟ್ಟಿ ನೆಲ ಸಿಕ್ಕಿತು. ಜೊತೆಗೆ ಒಂದು ಒಲವೂ ಬೆಳೆಯಿತು: ಶಾಸನವಿದ್ದ ಕಟ್ಟಡಕ್ಕೆ ಚರಿತ್ರೆ ಇದೆ, ಶಾಸನವಿಲ್ಲದ ಮನೆಗೆ ಇಲ್ಲ.

ಕಾನೂನು ಈ ಒಲವನ್ನೇ ಹಿಡಿದು ನಡೆಯಿತು. ಕರ್ಜನ್ ಕಾಲದ 1904ರ ಕಾಯ್ದೆ, ಸ್ವಾತಂತ್ರ್ಯದ ನಂತರ 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎಲ್ಲವೂ ಆಯ್ದ ಸ್ಮಾರಕವನ್ನು ಘೋಷಿಸಿ, ಬೇಲಿ ಹಾಕಿ, ಕಾಯುವ ಮಾದರಿಯವು. ಬೇರೆ ದನಿ ಗಟ್ಟಿಯಾದದ್ದು 1980ರ ದಶಕದಲ್ಲಿ. ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಪ್ರಸ್ತಾವಕ್ಕೆ ನಾಗರಿಕರು ಅಡ್ಡ ನಿಂತರು; ಕೆಂಪು ಕಟ್ಟಡ ಉಳಿಯಿತು. 1984ರಲ್ಲಿ ಇಂಟ್ಯಾಕ್ ಸಂಸ್ಥೆ ಹುಟ್ಟಿತು. ಪಟ್ಟಿಯ ಹೊರಗಿನ ಕಟ್ಟಡಕ್ಕೂ ಬೆಲೆಯಿದೆ ಎಂಬ ಮಾತು ಆಗ ಸಾರ್ವಜನಿಕವಾಯಿತು. ಅಂದಿನಿಂದ ಚರ್ಚೆ ಹಲವು ಪಂಥಗಳಾಗಿ ಕವಲೊಡೆದಿದೆ.

ಸ್ಮಾರಕ ಪಂಥ: ಇದ್ದದ್ದನ್ನು ಇದ್ದಂತೆ ಕಾಯಿರಿ

ಮೊದಲ ಪಂಥಕ್ಕೆ ಕಟ್ಟಡ ಒಂದು ಸಾಕ್ಷ್ಯ. ಸಾಕ್ಷ್ಯವನ್ನು ತಿದ್ದಬಾರದು, ಬೀಳದಂತೆ ಊರುಗೋಲು ಕೊಡಬಹುದು, ಹೊಸದಾಗಿ ಕಾಣುವಂತೆ ಮಾಡಬಾರದು. ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿ ಇಂದಿಗೂ ಈ ಚಿಂತನೆಯ ಬುನಾದಿ. ಈ ಪಂಥ ಇಲ್ಲದಿದ್ದರೆ ಐಹೊಳೆ, ಪಟ್ಟದಕಲ್ಲು, ಹಳೇಬೀಡುಗಳಲ್ಲಿ ಇಂದು ಉಳಿದಿರುವುದರಲ್ಲಿ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು.

ಇದರ ತೊಡಕು ಗೊತ್ತಾಗುವುದು ಸ್ಮಾರಕದ ಪಕ್ಕದ ಮನೆಯಲ್ಲಿ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ದೊಡ್ಡ ನಗರದಲ್ಲಿ ಇದು ಒಂದು ಮೂಲೆ. ಬಾದಾಮಿ, ಶ್ರೀರಂಗಪಟ್ಟಣ, ಬೇಲೂರಿನಂಥ ಊರಲ್ಲಿ ಹಳೇ ಪೇಟೆಯ ದೊಡ್ಡ ಪಾಲೇ ಅದರೊಳಗೆ ಬೀಳುತ್ತದೆ. ಮಗನ ಮದುವೆಗೆ ಒಂದು ಕೋಣೆ ಏರಿಸುವಂತಿಲ್ಲ, ಬಿರುಕು ಬಿಟ್ಟ ಗೋಡೆಯ ರಿಪೇರಿಗೂ ಅನುಮತಿಯ ಅರ್ಜಿ ಬೇಕು. ಹೀಗಾಗಿ ‘ಪಟ್ಟಿಗೆ ಸೇರಿಸುತ್ತಾರಂತೆ’ ಎಂಬ ಸುದ್ದಿ ಸಣ್ಣ ಊರಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ದಿಗಿಲು ಹುಟ್ಟಿಸುತ್ತದೆ. ಪಟ್ಟಿ ಮಾಡುವವರು ಬರುವ ಮುಂಚೆಯೇ ಹಳೆಯ ಮುಖಮಂಟಪವನ್ನು ಕಿತ್ತುಹಾಕುವ ಬುದ್ಧಿಯೂ ಇದೇ ದಿಗಿಲಿನಿಂದ ಬರುತ್ತದೆ.

ಐಹೊಳೆ ಈ ಪಂಥಕ್ಕೆ ಎದುರಾದ ಒಳ್ಳೆಯ ಪ್ರಶ್ನೆ. ಅಲ್ಲಿನ ಗುಡಿಗಳಲ್ಲಿ ಜನ ತಲೆಮಾರುಗಟ್ಟಲೆ ಸಂಸಾರ ಹೂಡಿದ್ದರು. ಲಾಡ್ ಖಾನ್ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯ ಮಠ ಎಂಬ ಹೆಸರುಗಳು ಚಾಲುಕ್ಯರು ಇಟ್ಟವಲ್ಲ, ನಂತರ ಊರಿನ ಬಾಯಲ್ಲಿ ರೂಢಿಯಾದವು. ಲಾಡ್ ಖಾನ್ ಎಂಬಾತ ಅಲ್ಲಿ ವಾಸವಿದ್ದ ಎಂಬುದು ಪ್ರತೀತಿ. ಸ್ಮಾರಕ ಪಂಥಕ್ಕೆ ಈ ವಾಸ ಒಂದು ಅತಿಕ್ರಮಣ. ಚರಿತ್ರೆ ಎಂದರೆ ಕಟ್ಟಿದ ದಿನವಷ್ಟೇ ಅಲ್ಲ ಎನ್ನುವವರಿಗೆ ಅದೂ ಆ ಕಟ್ಟಡದ ಒಂದು ಅಧ್ಯಾಯ. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ಎಳೆದಾಡುತ್ತಿರುವುದಕ್ಕೆ ಪರಿಹಾರದ ಹಣದ ಜೊತೆ ಈ ಭಿನ್ನಾಭಿಪ್ರಾಯವೂ ಸೇರಿಕೊಂಡಿದೆ.

ಬಳಕೆಯ ಪಂಥ: ಒಲೆ ಉರಿಯುವ ಮನೆ ಬೀಳುವುದಿಲ್ಲ

ಎರಡನೆಯ ಪಂಥ ಜೀರ್ಣೋದ್ಧಾರದ ಪರಂಪರೆಯಿಂದ ಬಂದದ್ದು. ಸವೆದ ತೊಲೆ ಬದಲಿಸು, ಒಡೆದ ಹೆಂಚು ತೆಗೆದು ಹೊಸದಿಡು, ಕಟ್ಟಡವನ್ನು ಬಳಕೆಯಲ್ಲಿಡು ಎಂಬುದು ಅದರ ಸೂತ್ರ. 1994ರ ನಾರಾ ಘೋಷಣೆ ಆಯಾ ಸಂಸ್ಕೃತಿಯ ಅಳತೆಗೋಲಿನಿಂದಲೇ ‘ಅಸಲಿತನ’ವನ್ನು ಅಳೆಯಬೇಕೆಂದು ಹೇಳಿದ ಮೇಲೆ ಈ ವಾದಕ್ಕೆ ಜಾಗತಿಕ ಬೆಂಬಲವೂ ಸಿಕ್ಕಿತು. ಇಂಟ್ಯಾಕ್‌ನ 2004ರ ಸನ್ನದು, ಪಟ್ಟಿಯ ಹೊರಗಿನ ಕಟ್ಟಡಗಳಿಗೆ ದೇಶೀ ಕಟ್ಟುವ ಪದ್ಧತಿ ಹಾಗೂ ಕಸುಬುದಾರರನ್ನೇ ನೆಚ್ಚಬೇಕು ಎಂದು ಇದನ್ನೇ ಭಾರತಕ್ಕೆ ಅನ್ವಯಿಸಿತು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1990ರ ದಶಕದಿಂದ ಸರ್ಕಾರ ಮತ್ತು ಊರಿನವರ ಪಾಲುದಾರಿಕೆಯಲ್ಲಿ ಪಾಳುಬಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸಿದ್ದು ಈ ದಾರಿಯ ದೊಡ್ಡ ಪ್ರಯೋಗ.

ಮನೆಗಳ ಮಟ್ಟಿಗೆ ಈ ಪಂಥದ ನಿಜವಾದ ಕೊಡುಗೆ ಗೋಡೆಯ ತಿಳಿವಳಿಕೆ. ಹಳೆಯ ಗೋಡೆ ಮಣ್ಣು, ಇಟ್ಟಿಗೆ, ಸುಣ್ಣದ ಗಾರೆಯದು. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಮರಳು ಬೆರೆಸಿ ಗಾಣದಲ್ಲಿ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸಿ ಗಾರೆ ಮಾಡುತ್ತಿದ್ದರು. ಇಂಥ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ನೀರು ಇನ್ನೂ ಮೇಲಕ್ಕೇರುತ್ತದೆ, ಅದರೊಳಗಿನ ಉಪ್ಪು ಒಳಗೇ ಹರಳುಗಟ್ಟಿ ಮಣ್ಣನ್ನು ಪುಡಿ ಮಾಡುತ್ತದೆ. ಕೆಲವು ಮಳೆಗಾಲ ಕಳೆದರೆ ಸಿಮೆಂಟ್ ಹಲ್ಲೆಹಲ್ಲೆಯಾಗಿ ಉದುರುತ್ತದೆ, ಜೊತೆಗೆ ಗೋಡೆಯ ಮೈಯೂ ಬರುತ್ತದೆ. ಆಗ ಮೇಸ್ತ್ರಿ ಹೇಳುವ ಮಾತು ಒಂದೇ: ‘ಗೋಡೆ ಸತ್ತಿದೆ ಸ್ವಾಮಿ, ಕೆಡವಿಬಿಡಿ.’ ಬಯಲುಸೀಮೆಯ ಮಾಳಿಗೆ ಮನೆಯ ಕಥೆಯೂ ಹೀಗೆಯೇ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿ ಬಡಿಯುವವರು ಇರುವವರೆಗೆ ಅದು ಸೋರುತ್ತಿರಲಿಲ್ಲ. ಆ ಕೆಲಸ ನಿಂತ ಮೇಲೆ ಒಂದೆರಡು ಮಳೆಗೆ ಜಂತೆ ಕೊಳೆಯುತ್ತದೆ.

ಬಳಕೆಯ ಪಂಥ ಉತ್ತರಿಸಲಾಗದ್ದು ಬಳಕೆಯೇ ನಿಂತುಹೋದಾಗ ಏನು ಮಾಡಬೇಕು ಎಂಬುದನ್ನು. ದೊಡ್ಡ ಮನೆಗಳು ನಿಂತಿದ್ದದ್ದು ಗೇಣಿಯ ಭತ್ತದ ಮೇಲೆ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನಿಗೆ ನೆಲ ಸಿಕ್ಕಿತು. ಅದು ನ್ಯಾಯ, ಆದರೆ ಹೆಂಚು ಬದಲಿಸುವ ಹಣದ ಮೂಲವೂ ಅದರೊಂದಿಗೆ ಹೋಯಿತು. ಮಕ್ಕಳು ಬೆಂಗಳೂರು, ದುಬೈ, ಕ್ಯಾಲಿಫೋರ್ನಿಯಾ ಸೇರಿದರು. ಭಾಗಪತ್ರವಾದಾಗ ನಾಲ್ಕು ಪಾಲುದಾರರ ನಡುವೆ ತೊಟ್ಟಿಯ ಮಧ್ಯದಲ್ಲೇ ಗೋಡೆ ಎದ್ದಿತು. ಒಬ್ಬರ ಪಾಲಿಗೆ ಪಡಸಾಲೆ, ಇನ್ನೊಬ್ಬರ ಪಾಲಿಗೆ ಅಡುಗೆಮನೆ. ಒಂದು ಮೂಲೆ ಸೋರಿದರೆ ದುರಸ್ತಿ ಯಾರ ಹೊಣೆ ಎಂಬುದೇ ಜಗಳ. ಅಂಥ ಮನೆ ಕೊನೆಗೆ ಮರದ ವ್ಯಾಪಾರಿಯ ಪಾಲು. ಕಂಬ, ಬೋದಿಗೆ, ಬಾಗಿಲುವಾಡ ನಗರದ ಹೋಟೆಲು, ರೆಸಾರ್ಟುಗಳಿಗೆ ಹೋಗಿ ನಿಲ್ಲುತ್ತವೆ; ಯಾವ ಊರಿನವು ಎಂಬ ಗುರುತು ದಾರಿಯಲ್ಲೇ ಕಳೆದುಹೋಗುತ್ತದೆ.

ಬಿಚ್ಚಿ ತಂದು ಕಟ್ಟುವವರು

ಆ ವ್ಯಾಪಾರಕ್ಕೆ ಎದುರು ನಿಂತವರು ವಿಜಯನಾಥ ಶೆಣೈ (1934–2017). ಕೆಡವಲು ಸಿದ್ಧವಾದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಸಾಗಿಸಿ, ಮಣಿಪಾಲದಲ್ಲಿ ಮತ್ತೆ ಕಟ್ಟಿದರು. ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ಕುಂಜೂರು ಚೌಕಿಮನೆ, ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಭಟ್ಕಳದ ನವಾಯತರ ಮನೆ ಒಂದೇ ಆವರಣದಲ್ಲಿವೆ. ಕರಾವಳಿಯ ಇಳಿಜಾರು ಮಾಡಿಗೂ ಬಯಲುಸೀಮೆಯ ವಾಡೆಗೂ ಇರುವ ವ್ಯತ್ಯಾಸವನ್ನು ಒಂದು ಮಧ್ಯಾಹ್ನದಲ್ಲಿ ಕಣ್ಣಾರೆ ಕಾಣಬಹುದಾದ ಇಂಥ ಜಾಗ ರಾಜ್ಯದಲ್ಲಿ ಮತ್ತೊಂದಿಲ್ಲ.

ಟೀಕೆಯೂ ಇದೆ. ಊರಿನ ಬೀದಿ, ಬಾವಿ, ಬಿಸಿಲಿನ ದಿಕ್ಕು, ನೆರೆಮನೆ ಇವುಗಳಿಂದ ಬೇರ್ಪಟ್ಟ ಮನೆ ಅರ್ಧ ಅರ್ಥ ಕಳೆದುಕೊಳ್ಳುತ್ತದೆ. ಕುಕನೂರಿನ ಮಕ್ಕಳು ತಮ್ಮೂರಿನ ಕಟ್ಟಡ ನೋಡಲು ಮಣಿಪಾಲಕ್ಕೆ ಬರಬೇಕು. ಶೆಣೈ ಅವರ ಕಡೆಯ ಉತ್ತರ ಸರಳ: ಆ ಮನೆಗಳ ಮುಂದಿದ್ದ ಇನ್ನೊಂದು ದಾರಿ ಸೌದೆ ಅಂಗಡಿ. ಬಿಚ್ಚದೆ ಸಾಗಿಸುವುದೂ ಸಾಧ್ಯ ಎಂಬುದಕ್ಕೆ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆ ಸಾಕ್ಷಿ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ ಅದನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಖರ್ಚನ್ನು ರೈಲ್ವೆಯಂಥ ಸಂಸ್ಥೆ ಭರಿಸಬಲ್ಲದು; ಮನೆಯ ಯಜಮಾನನಿಂದ ಆಗುವ ಕೆಲಸವಲ್ಲ.

ಪ್ರವಾಸಿಗರ ದುಡ್ಡು

ನಾಲ್ಕನೆಯವರದು ಲೆಕ್ಕಾಚಾರದ ಮಾತು: ಹಳೆಯ ಮನೆ ತನ್ನ ಅನ್ನ ತಾನೇ ದುಡಿಯಲಿ. ಮಲೆನಾಡು, ಕೊಡಗುಗಳ ಹೋಂಸ್ಟೇಗಳು ಈ ಮಾತಿಗೆ ಜೀವಂತ ಪುರಾವೆ. ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಅತಿಥಿಗೃಹಗಳಾಗಿಸಿ, ಬಾಳೆನಾರಿನ ಕರಕುಶಲ ಕೆಲಸವನ್ನು ಅದಕ್ಕೆ ಜೋಡಿಸಿತು. ಊರಿನ ಹೆಂಗಸರಿಗೆ ಕೂಲಿ ಸಿಕ್ಕಿತು, ಮನೆಗಳಿಗೆ ಸೂರು ಉಳಿಯಿತು.

ನದಿಯ ಆಚೆ ದಡದ ಕಥೆ ಬೇರೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿ, ಆನೆಗೊಂದಿ ಸೇತುವೆಯ ಕಾಮಗಾರಿಯ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಬಜಾರು ಸ್ವಚ್ಛವಾಯಿತು, ಬಜಾರಿನಲ್ಲಿ ಜನವಿಲ್ಲದಾಯಿತು. ಪ್ರವಾಸಿಗಾಗಿ ಊರನ್ನು ಉಳಿಸುತ್ತ ಊರಿನವರನ್ನೇ ಹೊರಗಿಡಬಹುದು ಎಂಬ ಎಚ್ಚರಿಕೆ ಇಲ್ಲಿದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹೃದಯ್ ಯೋಜನೆಯ 12 ಊರುಗಳಲ್ಲಿ ಬಾದಾಮಿಯೂ ಒಂದಾಗಿತ್ತು. ಅಂಥ ಯೋಜನೆಗಳ ಹಣ ಬಹುಮಟ್ಟಿಗೆ ಹೋಗುವುದು ರಸ್ತೆ, ದೀಪ, ಸೌಕರ್ಯಗಳಿಗೆ. ಖಾಸಗಿ ಮನೆಯ ಜಂತೆ ಬದಲಿಸಲು ಅದರಲ್ಲಿ ದಾರಿಯಿಲ್ಲ. ಇನ್ನು ಪ್ರವಾಸಿಗರು ಬಾರದ ಊರಿಗೆ, ಎಂದರೆ ಬಹುಪಾಲು ಊರುಗಳಿಗೆ, ಈ ಪಂಥ ಹೇಳುವುದು ಏನೂ ಇಲ್ಲ.

ಇದರದೇ ಒಂದು ಕವಲು ಸಾಹಿತಿಗಳ ಮನೆಗಳು. ಕುಪ್ಪಳಿಯ ಕವಿಮನೆ, ಪುತ್ತೂರಿನ ಕಾರಂತರ ಬಾಲವನ, ಗಡಿಯಾಚೆ ಮಂಜೇಶ್ವರದ ಗೋವಿಂದ ಪೈಗಳ ಗಿಳಿವಿಂಡು ದೊಡ್ಡ ಹೆಸರಿನ ಬಲದಿಂದ ಉಳಿದವು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದಾಗ ಕೂಗೆದ್ದಿತು, ಕೆಲಸ ನಿಂತಿತು, 2016ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಹೆಸರಾಂತರು ಹುಟ್ಟದ ಮನೆಗಳಿಗೆ ಈ ಯೋಗವಿಲ್ಲ.

ದಾಖಲೆಯ ಪಂಥ: ಕಲ್ಲು ಹೋದರೂ ಕಥೆ ಇರಲಿ

ಎಲ್ಲವನ್ನೂ ಉಳಿಸಲಾಗದು, ಎಲ್ಲವನ್ನೂ ದಾಖಲಿಸಬಹುದು ಎನ್ನುವವರು ಐದನೆಯವರು. ಕೆಳದಿ ಗುಂಡಾ ಜೋಯಿಸರು ಒಂದು ಹಳ್ಳಿಯಲ್ಲಿ ಕುಳಿತು ತಾಳೆಗರಿ, ಕಡತ, ನಾಣ್ಯ, ಶಿಲ್ಪ ಕೂಡಿಹಾಕಿ ವಸ್ತುಸಂಗ್ರಹಾಲಯ ಕಟ್ಟಿದ್ದು ಈ ದಾರಿಯ ಹಿರಿಯ ಉದಾಹರಣೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ರಸ್ತೆ ಅಗಲೀಕರಣದಲ್ಲಿ ಕಲ್ಲು ಕಳೆದರೂ ಅಕ್ಷರ ಉಳಿಯುತ್ತದೆ. ಮನೆಗಳಿಗೂ ಇದೇ ವಿಧಾನ ಸಾಧ್ಯ. ಒಂದು ಟೇಪು, ಫೋನಿನ ಕ್ಯಾಮೆರಾ, ಮನೆಯ ಹಿರಿಯರೊಬ್ಬರು ಇದ್ದರೆ ಸಾಕು. ಭಾಗಪತ್ರ, ಕ್ರಯಪತ್ರ, ಖಾತೆ, ಪುರಸಭೆಯ ತೆರಿಗೆ ರಸೀದಿ, ಮದುವೆಯ ಗ್ರೂಪ್ ಫೋಟೊಗಳ ಹಿನ್ನೆಲೆಯಲ್ಲಿ ಕಾಣುವ ಕಂಬ, ಹೆಂಚಿನ ಬೆನ್ನ ಮೇಲಿನ ಕಾರ್ಖಾನೆಯ ಮುದ್ರೆ ಎಲ್ಲವೂ ಸಾಕ್ಷ್ಯಗಳೇ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೂಲ ಮಾಡಿನಲ್ಲೇ ಆ ಹೆಂಚು ಹೊದಿಸಿದ್ದ ಮನೆ ಅದಕ್ಕಿಂತ ಹಳೆಯದಾಗಿರಲಾರದು ಎಂಬಷ್ಟು ಸ್ಪಷ್ಟ ಸುಳಿವು ಆ ಮುದ್ರೆಯಿಂದ ದೊರೆಯುತ್ತದೆ.

ಹಂಚಿಕೊಳ್ಳುವ ಕೆಲಸದಲ್ಲಿ ಈ ಪಂಥಕ್ಕೆ ಎರಡು ಕಷ್ಟ. ಒಂದು, ಸುಳ್ಳಿನ ವೇಗ. ಊರಿನ ಪ್ರತಿ ಗುಡಿಯೂ ಜಕಣಾಚಾರಿಯದು, ಪ್ರತಿ ಸುರಂಗವೂ ಅರಮನೆಗೆ ಹೋಗುತ್ತದೆ, ಪ್ರತಿ ಬುರುಜೂ ಟಿಪ್ಪುವಿನದು. ಬಳ್ಳಿಗಾವೆಯ ದಾಸೋಜ, ಮಲ್ಲಿತಮ್ಮ ಮೊದಲಾದವರು ತಮ್ಮ ಹೆಸರನ್ನು ಶಿಲ್ಪದ ಕೆಳಗೇ ಕೆತ್ತಿಹೋಗಿದ್ದರೂ ಕೀರ್ತಿ ಹೋಗುವುದು ದಂತಕಥೆಗೆ. ಎರಡು, ಕೆಡವುವವರಿಗೆ ಇದೊಂದು ನೆಪವಾಗುತ್ತದೆ. ‘ಫೋಟೊ ತೆಗೆದಾಯಿತಲ್ಲ’ ಎಂದು ಜೆಸಿಬಿ ತರಿಸುವುದು ಸುಲಭ.

ಯಾರ ಊರು, ಯಾರ ಚರಿತ್ರೆ?

ಈ ಐದೂ ಪಂಥಗಳನ್ನು ಅಡ್ಡಹಾಯುವ ಆರನೆಯ ಪ್ರಶ್ನೆ ಇದು. ಮಣ್ಣು, ಹುಲ್ಲಿನ ಗುಡಿಸಲುಗಳು ನೂರು ವರ್ಷ ಬಾಳುವುದಿಲ್ಲ. ಆದ್ದರಿಂದ ಹಳೆಯದನ್ನು ಉಳಿಸೋಣ ಎಂದಾಗ ತಾನಾಗಿಯೇ ಉಳಿಯುವುದು ಉಳ್ಳವರ ಮನೆ. ತೇಗದ ಕಂಬ ಹೊತ್ತು ತಂದವರು, ಸುಣ್ಣ ಸುಟ್ಟವರು, ಕಲ್ಲು ಒಡೆದ ವಡ್ಡರು, ಹೊರಬಾಗಿಲಲ್ಲೇ ನಿಲ್ಲಬೇಕಾಗಿದ್ದ ದಲಿತರು ಆ ಮನೆಯ ವಿವರಣೆಯ ಫಲಕದಲ್ಲಿ ಇರುವುದಿಲ್ಲ. ಜಗಲಿ ಎಲ್ಲಿಗೆ ಮುಗಿಯುತ್ತದೆ, ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂಬುದೂ ವಾಸ್ತುವಿನ ಭಾಗ. ಸೌಂದರ್ಯವನ್ನಷ್ಟೇ ಹೇಳುವ ಪರಂಪರೆಯ ನಡಿಗೆಗಳು ಇದನ್ನು ದಾಟಿಕೊಂಡು ಹೋಗುತ್ತವೆ. ಅಂಥ ಮನೆಯನ್ನು ಉಳಿಸಲೇಬಾರದು ಎನ್ನುವವರೂ ಇದ್ದಾರೆ. ಉಳಿಸಿ, ಪೂರ್ತಿ ಕಥೆ ಹೇಳಿ ಎನ್ನುವವರೂ ಇದ್ದಾರೆ. ಎರಡನೆಯ ನಿಲುವು ಹೆಚ್ಚು ಫಲಕಾರಿ ಎಂದು ನನಗನಿಸುತ್ತದೆ. ಕೆಡವಿದ ಮನೆ ಅನ್ಯಾಯದ ಸಾಕ್ಷಿಯನ್ನೂ ತನ್ನೊಂದಿಗೆ ಒಯ್ಯುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಹಣ. ಮುಂಬಯಿ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ತಂದು, ಕಟ್ಟುವ ಹಕ್ಕನ್ನು ಬೇರೆಡೆ ಮಾರಿಕೊಳ್ಳಲು ಮಾಲೀಕರಿಗೆ ದಾರಿ ಮಾಡಿಕೊಟ್ಟಿತು. ನೆಲದ ಬೆಲೆ ಗಗನಕ್ಕೇರಿದ ಮಹಾನಗರದಲ್ಲಿ ಆ ಹಕ್ಕಿಗೆ ಗಿರಾಕಿಗಳಿರುತ್ತಾರೆ. ಹಾವೇರಿಯಲ್ಲೋ ಹೊಸದುರ್ಗದಲ್ಲೋ ಅದನ್ನು ಕೊಳ್ಳುವವರು ಯಾರು? ಆಸ್ತಿ ತೆರಿಗೆಯ ವಿನಾಯಿತಿ, ಕಡಿಮೆ ಬಡ್ಡಿಯ ದುರಸ್ತಿ ಸಾಲ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳಿಗೆ ತರಬೇತಿ ಎಂಬ ಸಲಹೆಗಳಿವೆ. ಸಣ್ಣ ಪುರಸಭೆಯ ಬಜೆಟ್ಟು ಇವನ್ನು ತಾಳಿಕೊಳ್ಳುವುದೇ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿದಂತಿಲ್ಲ.

ಎರಡನೆಯದು ಸುರಕ್ಷತೆ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದುರಸ್ತಿ ಸಾಧ್ಯ ಎಂಬ ತಜ್ಞರು, ಕೆಡವುವುದೇ ಸರಿ ಎಂಬ ತಜ್ಞರು ವರ್ಷಗಟ್ಟಲೆ ವಾದಿಸಿದರು. ಮೈಸೂರಿಗೆ ಸಮಿತಿಗಳಾದರೂ ಇದ್ದವು. ಸಣ್ಣ ಊರಲ್ಲಿ ‘ಶಿಥಿಲ’ ಎಂದು ಬರೆಯುವುದು ಒಬ್ಬ ಎಂಜಿನಿಯರ್. ಮಣ್ಣು–ಗಾರೆಯ ಗೋಡೆ ಅವರ ಪಠ್ಯದಲ್ಲಿ ಇದ್ದಿರುವುದು ಕಡಿಮೆ.

ಮೂರನೆಯದು ಒಡೆತನ. ಮನೆ ಖಾಸಗಿ, ನೆನಪು ಸಾರ್ವಜನಿಕ. ಲಕ್ಕುಂಡಿಯಲ್ಲಿ ಜನ ಮನೆ ಅಂಗಳದ ಶಿಲ್ಪಗಳನ್ನು ತಾವೇ ಮುಂದೆ ಬಂದು ಸರ್ಕಾರಕ್ಕೆ ಒಪ್ಪಿಸಿದ್ದು ಒಪ್ಪಿಗೆಯ ದಾರಿ ಇದೆ ಎಂದು ತೋರಿಸಿತು. ಅಂಗಳದ ಕಲ್ಲನ್ನು ಕೊಡುವವರು ಅಂಗಳದ ಮೇಲೆ ನಿರ್ಬಂಧ ಒಪ್ಪುತ್ತಾರೆಯೇ ಎಂಬುದು ಬೇರೆ ಮಾತು. ನಾಲ್ಕನೆಯದು ದಾಖಲೆಯ ಪಾಲನೆ: ಊರಿನ ಉತ್ಸಾಹಿಯೊಬ್ಬರ ಹಾರ್ಡ್ ಡಿಸ್ಕಿನಲ್ಲಿರುವ ಸಾವಿರ ಚಿತ್ರಗಳು ಅವರ ನಂತರ ಯಾರ ಪಾಲು?

ನನ್ನ ಲೆಕ್ಕದಲ್ಲಿ ಇಷ್ಟೂ ಪಂಥಗಳ ಜಗಳ ಒಂದು ಹೆಜ್ಜೆ ಮುಂದೆ ನಡೆಯುತ್ತಿದೆ. ಏನಿದೆ ಎಂಬುದರ ಪಟ್ಟಿಯೇ ಇಲ್ಲದೆ ಏನು ಉಳಿಸಬೇಕು ಎಂದು ವಾದಿಸುತ್ತಿದ್ದೇವೆ. ನಿರ್ಬಂಧ ಹೇರದ, ಮಾಲೀಕರನ್ನು ಹೆದರಿಸದ, ಕೇವಲ ತಿಳಿವಳಿಕೆಗಾಗಿ ಮಾಡುವ ಊರುವಾರು ಪಟ್ಟಿ ಮೊದಲು ಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರೌಢಶಾಲೆಯ ಇತಿಹಾಸ ಮೇಷ್ಟ್ರು, ಸರ್ಕಾರಿ ಗ್ರಂಥಾಲಯ, ಹತ್ತಿರದ ಪಾಲಿಟೆಕ್ನಿಕ್ ಕೈಜೋಡಿಸಿದರೆ ಒಂದು ಊರಿನ ಹಳೇ ಪೇಟೆಯನ್ನು ಅಳೆದು ಬರೆದಿಡಬಹುದು. ಹಳೆಯ ಮನೆ ಇಟ್ಟುಕೊಂಡಿರುವ ಓದುಗರಲ್ಲಿ ಒಂದು ವಿನಂತಿ. ಉಳಿಸಿಕೊಳ್ಳುವುದು, ಕೆಡವುವುದು ನಿಮಗೆ ಬಿಟ್ಟದ್ದು. ಕೆಡವುವುದೇ ಆದರೆ ಅದಕ್ಕೆ ಮುಂಚೆ ಪ್ರತಿ ಕೋಣೆಯನ್ನು ಅಳೆದು ನಕ್ಷೆ ಬರೆಯಿರಿ, ಚಿತ್ರ ತೆಗೆಯಿರಿ, ಕಟ್ಟಿದವರ ಹೆಸರು, ದುಡಿದವರ ಹೆಸರು ಹಿರಿಯರಿಂದ ಕೇಳಿ ಬರೆಯಿರಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.